ಕೈಗಡದ ನೀರು

ಆ ದಿನ ಬೆಳಗಾದರೂ ಬಳ್ಳಾರಿಯ ಗುಡ್ಡ ಕಾಣಲಿಲ್ಲ. ರಾತ್ರಿಯೆಲ್ಲ ಬೀಸಿದ ಮೂಡಗಾಳಿ ಎರೆಹೊಲಗಳ ಧೂಳನ್ನು ಎತ್ತಿಕೊಂಡು ಬಂದು ಊರ ಮೇಲೆ ಸುರಿದುಬಿಟ್ಟಿತ್ತು. ಸೂರ್ಯ ಎದ್ದಿದ್ದಾನೋ ಇಲ್ಲವೋ ತಿಳಿಯದ ಹಾಗೆ, ಅರಿಶಿನ ಕದಡಿದ ನೀರಿನಂಥ ಬೆಳಕು. ಬ್ರೂಸ್‌ಪೇಟೆಯ ಓಣಿಯಲ್ಲಿ ಅಂಬುಜಮ್ಮ ಬಾಗಿಲಿಗೆ ನೀರು ಹಾಕಿ, ರಂಗೋಲಿ ಇಕ್ಕಿ ತಲೆಯೆತ್ತುವುದರೊಳಗೆ ಅದರ ಮೇಲೆ ಮಣ್ಣು ಕೂತಿತ್ತು. ಮತ್ತೆ ಇಕ್ಕಿದಳು, ಮತ್ತೆ ಕೂತಿತು. "ಇಕ್ಕಿದ್ದು ಆ ಕೃಷ್ಣಗ ಗೊತ್ತದ, ಸಾಕು" ಎಂದು ಬಟ್ಟಲು ಎತ್ತಿಕೊಂಡು ಎದ್ದಾಗ, ಓಣಿಯ ತುದಿಯಿಂದ ಕತ್ತೆಯೊಂದನ್ನು ಹೊಡೆದುಕೊಂಡು ಗಂಡ ಹೆಂಡಿರಿಬ್ಬರು ಬರುವುದು ಮಸುಕಾಗಿ ಕಂಡಿತು. ಕತ್ತೆಯ ಬೆನ್ನ ಮೇಲೆ ಮರಳಿನ ಗೋಣಿ.

ಮನೆಯ ಮುಖ ಉಜ್ಜುವವರು ಬಂದರು ಎಂದು ಅವಳಿಗೆ ತಿಳಿಯಿತು.

ಈ ಉಜ್ಜುವ ಸುದ್ದಿ ಹುಟ್ಟಿದ್ದು ಕಚೇರಿಯ ದೊಡ್ಡವರೊಬ್ಬರ ಬಾಯಲ್ಲಿ. ಅವಳ ಗಂಡ ಗೋಪಾಲಕೃಷ್ಣ ಕಲೆಕ್ಟರ ಕಚೇರಿಯ ಗುಮಾಸ್ತ. ಮನೆ ಅವನ ತಂದೆ ಕಟ್ಟಿಸಿದ್ದು. ಮುಂಗೋಡೆ, ಕಟ್ಟೆ, ಬಾಗಿಲ ಅಕ್ಕಪಕ್ಕದ ಕಂಬ ಎಲ್ಲ ಕುರುಗೋಡಿನಿಂದ ಗಾಡಿಯ ಮೇಲೆ ಬಂದ ಕಲ್ಲು. ಕಟ್ಟಿಸಿದಾತ ಹೋದ ಮೇಲೆ ವರ್ಷಾ ವರ್ಷಾ ಸುಣ್ಣದ ಮೇಲೆ ಸುಣ್ಣ ಬಳಿದು, ಅದು ರೊಟ್ಟಿಯ ಹಾಗೆ ಉಬ್ಬಿ, ಹಕ್ಕಳೆ ಎದ್ದು, ದೀಪದ ಮಸಿ ಹಿಡಿದು, ಕಲ್ಲು ಇದೆಯೆಂಬುದೇ ಮರೆತುಹೋಗಿತ್ತು. ಒಂದು ಸಂಜೆ ಶಿರಸ್ತೇದಾರರು ಜಟಕಾದಲ್ಲಿ ಆ ದಾರಿಯಲ್ಲಿ ಹೋಗುತ್ತ ಕತ್ತು ಹೊರಗೆ ಹಾಕಿ, "ಏನಯ್ಯಾ ಗೋಪಾಲಕೃಷ್ಣ, ನಿನ್ನ ಮನಿಗೆ ಸಿಡುಬು ಎದ್ದು ವಾಸಿ ಆದಂಗದ!" ಅಂದುಬಿಟ್ಟರು. ಆ ಮಾತು ಅವನಿಗೆ ನೆಟ್ಟ ಮುಳ್ಳಾಯಿತು. ರಾಮನವಮಿಯ ಪಾನಕಕ್ಕೆ ಅವರನ್ನು ಕರೆದಾಗಿತ್ತು. ಅಷ್ಟರೊಳಗೆ ಸುಣ್ಣವೆಲ್ಲ ಹೋಗಿ, ದಂಡಿನ ಕಡೆಯ ಬಂಗಲೆಗಳ ಹಾಗೆ ಬರೀ ಕಲ್ಲು ಕಾಣಬೇಕೆಂದು ಹಠ ಹಿಡಿದ.

ಅವನ ತಮ್ಮ ರಾಘಣ್ಣ ರೈಲು ಸ್ಟೇಷನ್ನಿನಲ್ಲಿ ಸರಕಿನ ಗುಮಾಸ್ತ. ಊಟಕ್ಕೆ ಕೂತಾಗ ಅವನು, "ಅಣ್ಣಾ, ಇಂಗ್ಲಿಷರ ಸೀಮಿಯೊಳಗ ಮರಳು ಊದೋ ಯಂತ್ರ ಬಂದದಂತ. ಉಗಿ ಹಾಕಿ ಊದಿದ್ರ ಕಬ್ಬಿಣದ ತುಕ್ಕು ಸಹಿತ ಹಾರಿಹೋಗ್ತದಂತ. ನಮ್ಮ ಗೋಡಿಗೆ ಒಂದು ಊದು ಸಾಕು" ಎಂದ.

"ಗೋಡಿ ಜೋಡಿ ಗೋಡಿಯೊಳಗಿನವರೂ ಹಾರಿಹೋಗ್ತಾರ. ಸುಮ್ಮನ ಉಣ್ಣು" ಎಂದಳು ತಾಯಿ ತಿರುಮಲಮ್ಮ.

ಯಂತ್ರ ಬರಲಿಲ್ಲ, ಹಂಪಯ್ಯ ಬಂದ. ಕುರುಗೋಡಿನ ಕಡೆಯವನು, ಈಗ ಗುಡ್ಡದ ಹಿಂದಿನ ಕೇರಿಯಲ್ಲಿ ಇರುವವನು. ಅವನು ಗೋಡೆಯ ಮುಂದೆ ನಿಂತು ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿದ.

"ಎಷ್ಟು ವರ್ಸದ ಸುಣ್ಣ ಸ್ವಾಮಿ ಇದು?"

"ನಮ್ಮಪ್ಪ ಹೋದಾಗಿಂದ ಹಚ್ಚಿದ್ದು."

"ಹಂಗಾದ್ರ ಇದಕ್ಕ ಮೊದಲು ನೀರು ಕುಡಸಬೇಕ್ರಿ. ಕುಡಿದು ಕುಡಿದು ಮೆತ್ತಗಾದ ಮ್ಯಾಲೆ ಕೆರಿಯೋದು. ಆಮ್ಯಾಲೆ ಹಸಿ ಮರಳು ಹಾಕಿ ಗುಂಡುಕಲ್ಲಿಲೆ ಉಜ್ಜೋದು. ಒಣ ಮರಳಿಲೆ ಉಜ್ಜಿದ್ರ ಕಲ್ಲಿನ ಮೈ ಗೀರ್ತೈತಿ. ನೀರು ಭಾಳ ಬೇಕ್ರಿ. ಹೊರಾಕ ಎಲ್ಡು ಆಳು ಬ್ಯಾರೆ ಹಚ್ಚಬೇಕು."

"ನೀರು ನಮ್ಮದು!" ಎಂದ ಗೋಪಾಲಕೃಷ್ಣ, ಚೌಕಾಸಿಯಲ್ಲಿ ಗೆದ್ದವನ ದನಿಯಲ್ಲಿ. "ಹಿತ್ತಲಾಗ ಬಾವಿ ಅದ. ಧಾತು ಸಂವತ್ಸರದ ಬರದಾಗೂ ಬತ್ತಲಿಲ್ಲ. ಆಳಿನ ಕೂಲಿ ಕಳದು ಹೇಳು."

ಹಂಪಯ್ಯ ಹೆಂಡತಿಯ ಕಡೆ ನೋಡಿದ. ಹಂಪಕ್ಕ ಸೆರಗು ಸರಿಮಾಡಿಕೊಂಡು, "ಬಾವಿ ನಿಮ್ಮದು ಖರೆ ಸ್ವಾಮಿ. ಸೇದೋರು ಯಾರ್ರಿ?" ಎಂದಳು.

"ಅದೆಲ್ಲಾ ಆಗ್ತದ."

ಗಂಡಸರು ‘ಆಗ್ತದ’ ಅಂದರೆ ಮನೆಯೊಳಗೆ ಯಾರೋ ಒಬ್ಬ ಹೆಂಗಸು ಸೆರಗು ಕಟ್ಟಿ ಏಳಬೇಕು ಎಂದು ಅರ್ಥ. ಬಾಗಿಲ ಮರೆಯಲ್ಲಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ ಅಂಬುಜಮ್ಮನಿಗೆ ಆ ಅರ್ಥ ಆಗಲೇ ಆಯಿತು. ಗಂಡ ಒಳಗೆ ಬಂದವನು, "ಎರಡು ರೂಪಾಯಿ ಉಳಿಸಿದೆ ನೋಡು" ಎಂದ.

ಆ ಮನೆಯ ಬಾವಿಯನ್ನು ಕೇರಿಯವರು ಮುಟ್ಟುವಂತಿಲ್ಲ. ಗೋಪಾಲಕೃಷ್ಣನಿಗೆ ಕಚೇರಿ, ರಾಘಣ್ಣನಿಗೆ ಸ್ಟೇಷನ್ನು. ತಿರುಮಲಮ್ಮನಿಗೆ ವಯಸ್ಸಾಗಿತ್ತು, ಮಡಿಯುಟ್ಟು ಪೂಜೆಗೆ ಕೂತರೆ ಮಧ್ಯಾಹ್ನ. ಉಳಿದದ್ದು ಅಂಬುಜಮ್ಮ.

ಹಿತ್ತಲಿಗೂ ಪಕ್ಕದ ಸಂದಿಗೂ ನಡುವೆ ಎದೆಮಟ್ಟದ ಮೋಟುಗೋಡೆ ಇತ್ತು. ಒಳಗಿನಿಂದ ಅಂಬುಜಮ್ಮ ಹಿತ್ತಾಳೆಯ ಕೊಡ ಎತ್ತಿ ಸುರಿಯುವುದು, ಆಚೆ ಹಂಪಕ್ಕ ಮಣ್ಣಿನ ಗಡಿಗೆ ಹಿಡಿದು ನಿಲ್ಲುವುದು ಎಂದು ಅತ್ತೆ ಗೊತ್ತುಮಾಡಿದಳು.

"ಮ್ಯಾಲಿಂದ ಸುರಿ. ಕೊಡದ ಬಾಯಿ ಆಕಿ ಗಡಿಗಿಗೆ ತಾಗಬಾರದು. ತಾಗಿತೋ, ಕೊಡಾನೂ ತಿಕ್ಕಬೇಕು, ನೀನೂ ತಲಿಮ್ಯಾಲೆ ನೀರು ಹಾಕ್ಕೋಬೇಕು."

ಮೊದಲ ದಿನವೇ ತಾಗಿತು. ಮೇಲಿಂದ ಸುರಿದ ನೀರು ಅರ್ಧ ಗಡಿಗೆಗೆ, ಅರ್ಧ ಹಂಪಕ್ಕನ ತೋಳಿಗೆ ಬೀಳುತ್ತಿತ್ತು. ಚೆಲ್ಲಬಾರದೆಂದು ಅಂಬುಜಮ್ಮ ಸ್ವಲ್ಪ ಬಗ್ಗಿದಳು, ಟಣ್ ಅಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾ ಏನೂ ಕೇಳಿಲ್ರಿ ಅಮ್ಮಾರ" ಎಂದಳು ಹಂಪಕ್ಕ ಮೆಲ್ಲಗೆ.

"ನಮ್ಮತ್ತಿ ಕೇಳ್ಯಾರ" ಎಂದಳು ಅಂಬುಜಮ್ಮ, ಇನ್ನೂ ಮೆಲ್ಲಗೆ.

ಒಳಗಿನಿಂದ ದನಿ ಬಂದೇಬಿಟ್ಟಿತು. "ಏನದು ಸಪ್ಪಳ?"

ಹಂಪಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಶಿವನೇ, ಗೋಡಿ ತೊಳಿಯಾಕ ಸೇದಿದ ನೀರು ನಿಮ್ಮನ್ನ ತೊಳಿಯಾಕ ಹೊಂಟೈತಿ!"

ದಿನಗಳು ಹೀಗೆ ಹೊರಟವು. ನಸುಕಿಗೆ ಎದ್ದು ಒಲೆ ಹೊತ್ತಿಸುವ ಮೊದಲೇ ಬಾವಿ, ಅನ್ನ ಇಳಿಸಿ ಹುಳಿಗೆ ಬೇಳೆ ಇಟ್ಟು ಮತ್ತೆ ಬಾವಿ, ಕೂಸಿಗೆ ಹಾಲು ಕುಡಿಸಿ ಮಲಗಿಸಿ ಮತ್ತೆ ಬಾವಿ. ಮುಂದೆ ಹಂಪಯ್ಯ ಗೋಡೆಗೆ ನೀರೆರಚಿ, ತಗಡಿನಿಂದ ಸುಣ್ಣ ಕೆರೆದು, ಹಸಿ ಮರಳು ಮೆತ್ತಿ, ಗುಂಡುಕಲ್ಲು ಹಿಡಿದು ಸುತ್ತಿ ಸುತ್ತಿ ಉಜ್ಜುತ್ತಿದ್ದ. ಆ ಸರ್ರ್ ಸರ್ರ್ ಸದ್ದು ಮನೆಯೊಳಗೆ ಬೀಸುಕಲ್ಲಿನ ಹಾಗೆ ಕೇಳುತ್ತಿತ್ತು. ಕೂಸು ತುಂಗಿ ಅದಕ್ಕೇ ಒಗ್ಗಿ, ಸದ್ದು ನಿಂತರೆ ಏಳುತ್ತಿತ್ತು.

ಇಂಥ ಒಂದು ಮಧ್ಯಾಹ್ನ ಸಿರುಗುಪ್ಪದಿಂದ ಅವಳ ತಮ್ಮ ವಿಠ್ಠಲ ಬಂದ. ಪೇಟೆಗೆ ಅಕ್ಕಿ ಗಾಡಿ ಹೊಡೆದುಕೊಂಡು ಬಂದವನು, ಮೂಟೆ ಇಳಿಸಿ, ಒಂದು ಗಂಟು ಹೊಸ ಅಕ್ಕಿ ಹೊತ್ತು ಅಕ್ಕನ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಅಂಬುಜಮ್ಮ ಬೆಲ್ಲ, ನೀರು ತಂದಿಟ್ಟಳು.

"ಅಂಬಕ್ಕಾ, ತಯಾರಾಗು. ಕರಕೊಂಡು ಹೋಗ್ಲಿಕ್ಕೆ ಬಂದೀನಿ."

"ಅಮ್ಮ ಹ್ಯಾಂಗಿದ್ದಾಳೋ?"

ವಿಠ್ಠಲ ಬೆಲ್ಲದ ಚೂರನ್ನು ಕೈಯಲ್ಲೇ ತಿರುಗಿಸಿದ. "ಬಲಗಣ್ಣು ಹ್ವಾದ ವರ್ಷನ ಹೋತಲ್ಲ. ಈಗ ಎಡಗಣ್ಣಿಗೂ ಪೊರಿ ಬಂದದ. ಬಿಸಿಲಿಗೆ ಹಿಡಿದ್ರ ಮುಖ ಕಾಣ್ತದ ಅಂತಾಳ. ಮಳಿಗಾಲ ಬರೂದ್ರೊಳಗ ಅದೂ ಹೋಗ್ತದಂತ, ವೈದ್ಯರು ಹೇಳ್ಯಾರ. ‘ಕೂಸಿನ ಮುಖ ಒಂದು ಸಲ ತೋರಸ್ರೋ, ಆಮ್ಯಾಲೆ ಹೋದ್ರ ಹೋಗಲಿ ಕಣ್ಣು’ ಅಂತ ದಿನಾ ಒಂದ ಮಾತು."

ತುಂಗಿಯನ್ನು ಅಜ್ಜಿ ಇನ್ನೂ ನೋಡಿರಲಿಲ್ಲ. ಅಂಬುಜಮ್ಮನಿಗೆ ದಿನ ತುಂಬಿದಾಗ ಸಿರುಗುಪ್ಪದಲ್ಲಿ ವಾಂತಿಭೇದಿ ಎದ್ದಿತ್ತು. ತವರಿಗೆ ಕಳಿಸದೆ ಬಾಣಂತನವನ್ನು ತಿರುಮಲಮ್ಮನೇ ಮಾಡಿದ್ದಳು, ತಾಯಿಗಿಂತ ಒಂದು ಕೈ ಹೆಚ್ಚಾಗಿಯೇ.

ಒಳಗಿನಿಂದ ತಿರುಮಲಮ್ಮ ಬಂದಳು. ವಿಷಯ ಕೇಳಿದಳು. ಹಂಪಯ್ಯ ಉಜ್ಜುತ್ತಿದ್ದ ಗೋಡೆಯನ್ನು ನೋಡಿದಳು.

"ಬ್ಯಾಡ ಅನ್ನಲಿಕ್ಕೆ ನಾ ಏನು ಕಲ್ಲೇನಪ್ಪ? ಆದ್ರ ಇದು ನೋಡು, ನಡುವ ಬಂದದ. ಈಕಿ ಹೋದ್ರ ನೀರು ಸೇದೋರು ಯಾರು? ಮತ್ತ ಯಾವಾಗ ನಿನ್ನ ಗಾಡಿ?"

"ರಾಮನವಮಿಗೆ ಬರ್ತೀನ್ರಿ ಅತ್ತಿಯವರ. ಅದ ಕಡೀದು. ಆಮ್ಯಾಲೆ ಎತ್ತು ಗದ್ದಿಗೆ ಬೇಕು. ಮಳಿಗಾಲ ಕಳದ ಮ್ಯಾಲೇ ಮತ್ತ ಗಾಡಿ."

"ರಾಮನವಮಿ ಮರುದಿನ ಕಳಸ್ತೀನಿ. ಕೆಲಸ ಮುಗದಿರಬೇಕು, ಅಷ್ಟ. ಅರ್ಧ ಮಾಡಿದ ಗೋಡಿ ಬಿಟ್ಟು ಸೊಸಿ ತವರಿಗೆ ಹೋದ್ಲು ಅಂದ್ರ ನನ್ನ ಮಗನ ಮುಖಕ್ಕ ಛಲೋ ಅಲ್ಲ."

ವಿಠ್ಠಲ ಅಕ್ಕನ ಕಡೆ ನೋಡಿದ. ಅಂಬುಜಮ್ಮ ನೆಲ ನೋಡಿದಳು. ಬಂದ ಗಾಡಿ ಬರಿದಾಗಿ ಹೋಯಿತು.

ಮರುದಿನದಿಂದ ಅವಳು ಎರಡು ಕೈಯಲ್ಲಲ್ಲ, ನಾಲ್ಕು ಕೈಯಲ್ಲಿ ಸೇದುವವಳ ಹಾಗೆ ಸೇದಿದಳು. ರಾಟೆಯ ಹಗ್ಗ ಅಂಗೈಯನ್ನು ಕೊಯ್ದು ಬೊಕ್ಕೆ ಏಳಿಸಿತು; ಬೊಕ್ಕೆ ಒಡೆಯಿತು. ಒಂದು ರಾತ್ರಿ ಬಡಿಸುವಾಗ ಸೌಟು ಜಾರಿ ಸಾರು ಗಂಡನ ಎಲೆಯ ಆಚೆ ಚೆಲ್ಲಿತು.

"ಕೈಗೇನಾಗ್ಯದ?" ಎಂದ ಗೋಪಾಲಕೃಷ್ಣ.

"ಏನಿಲ್ಲ. ಎರಡು ರೂಪಾಯಿ ಉಳಿಸ್ಯಾವ."

ರಾಘಣ್ಣ ಕೆಮ್ಮಿದ. ಗೋಪಾಲಕೃಷ್ಣನ ಮುಖ ಕೆಂಪಾಯಿತು. "ಏನದು ಮಾತು? ನಾ ಯಾರ ಸಲುವಾಗಿ ಮಾಡ್ಸಲಿಕ್ಕತ್ತೀನಿ? ಮನಿ ಎಲ್ಲಾರ್ದೂ ಅಲ್ಲೇನು?"

"ಮನಿ ಎಲ್ಲಾರ್ದೂ. ನೀರೂ ‘ನಮ್ಮದು’ ಅಂದ್ರಿ. ಆ ‘ನಮ್ಮದು’ ಅನ್ನೂದ್ರಾಗ ಹಗ್ಗ ಹಿಡಿಯೋರು ಒಬ್ಬರ ಅದಾರ."

"ಅತ್ತಿಗಿ ಹೇಳೂದು ಲೆಕ್ಕಕ್ಕ ಸರಿ ಅದ ಅಣ್ಣಾ" ಎಂದ ರಾಘಣ್ಣ.

"ನೀ ಯಂತ್ರ ಊದು ಹೋಗು!"

ತಿರುಮಲಮ್ಮ ಕಂಬಕ್ಕೆ ಒರಗಿ ತನ್ನ ರಾತ್ರಿಯ ಮೊಸರವಲಕ್ಕಿ ತಿನ್ನುತ್ತಿದ್ದಳು. ಎಲ್ಲರದೂ ಊಟ ಆದ ಮೇಲೆ, ಸೊಸೆ ಗೋಮಯ ಹಚ್ಚಲು ಕೂತಾಗ ಬಂದು, ಅವಳ ಕೈಯಿಂದ ಅದನ್ನು ತೆಗೆದಿಟ್ಟು, ಬೊಗಸೆ ಬಿಚ್ಚಿಸಿ, ಅರಿಶಿನ ಹಾಕಿದ ತುಪ್ಪ ಸವರಿದಳು. "ನಾಳಿಂದ ಅರಿವಿ ಸುತ್ತಿಕೋ" ಎಂದಳು, ಅಷ್ಟೇ. ನೆಲ ತಾನೇ ಸಾರಿಸಿದಳು.

ಆದರೆ ಕೈ ಒಪ್ಪಿದರೂ ಬಾವಿ ಒಪ್ಪಲಿಲ್ಲ. ಯುಗಾದಿಯ ಎಣ್ಣೆನೀರಿನ ದಿನ ಕೊಡ ಕೆಳಗಿಳಿದು ನೀರಿನ ಬದಲು ಕೆಸರು ತಂದಿತು. ಧಾತು ವರ್ಷದಲ್ಲಿ ಬತ್ತದ ಬಾವಿಯನ್ನು ಒಂದು ಗೋಡೆ ಕುಡಿದುಬಿಟ್ಟಿತ್ತು. ಕುಡಿಯಲು, ಅಡುಗೆಗೆ, ಮಡಿಗೆ ಸಾಲುವಷ್ಟು ಮಾತ್ರ ರಾತ್ರಿ ಊರಿ ಬರುತ್ತಿತ್ತು. ಹಂಪಯ್ಯ ಗುಂಡುಕಲ್ಲು ಗೋಣಿಯ ಮೇಲಿಟ್ಟು ಕೂತ. ಗೋಡೆಯ ಬಲಭಾಗ ಕಲ್ಲು, ಎಡಭಾಗ ಹಕ್ಕಳೆ ಸುಣ್ಣ.

ಎದುರುಮನೆಯ ದೊಡ್ಡಬಸಮ್ಮ ಬೇವುಬೆಲ್ಲದ ಬಟ್ಟಲು ಹಿಡಿದು ಬಾಗಿಲಿಗೆ ಬಂದವಳು, ಹಬ್ಬದ ದಿನವೂ ಕಚೇರಿಗೆ ಹೊರಟಿದ್ದ ಗೋಪಾಲಕೃಷ್ಣನನ್ನು ತಡೆದು, "ಏನಪ್ಪಾ ಗುಮಾಸ್ತಪ್ಪಾ, ಹಜಾಮ ಅರ್ಧ ಕ್ಷೌರ ಮಾಡಿ ಎದ್ದು ಹ್ವಾದಂಗ ಐತಲ್ಲೋ ನಿಮ್ಮ ಮನಿ! ಮೊದಲಿನದ ಚಂದ ಇತ್ತು ಬಿಡು" ಎಂದಳು. ಅವನು ರುಮಾಲು ಸರಿಮಾಡಿಕೊಂಡು ಓಡುವವನ ಹಾಗೆ ನಡೆದ.

ಅಂಬುಜಮ್ಮ ಮೋಟುಗೋಡೆಗೆ ಕೈಯೂರಿ ನಿಂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ, ಇದ್ದ ನೀರೆಲ್ಲ ಗೋಡೆಗೆ ಹೋಗಿತ್ತು. ಆಚೆ ಹಂಪಕ್ಕ ಬರಿಗಡಿಗೆ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು.

"ತವರಿಗೆ ಹೊಂಟೋರು ಹಂಗ ನಿಂತ್ರಲ್ರಿ ಅಮ್ಮಾರ."

"ನಿನಗ್ಯಾರು ಹೇಳಿದ್ರು?"

"ಕಟ್ಟಿ ಮ್ಯಾಲೆ ಆಡಿದ ಮಾತು ಗೋಡಿ ಉಜ್ಜೋರಿಗೆ ಕೇಳಂಗಿಲ್ಲೇನ್ರಿ?" ಹಂಪಕ್ಕ ಗಡಿಗೆಯ ಮೇಲಿಂದ ಎದ್ದು ಗೋಡೆಯ ಹತ್ತಿರ ಬಂದಳು. "ನಮ್ಮ ಕೇರಿ ಬಾವ್ಯಾಗ ಇನ್ನಾ ನೀರು ಐತಿ. ನಾವು ನಾಕು ಹೆಣ್ಮಕ್ಳು ಹೊತ್ರ ಕೆಲಸ ಮುಗೀತೈತಿ. ಆದ್ರ ನಿಮ್ಮ ಗೋಡಿ ನಮ್ಮ ನೀರು ಕುಡೀತೈತೋ ಇಲ್ಲೋ, ನಿಮ್ಮತ್ತಿ ಅಮ್ಮಾರನ್ನ ಕೇಳ್ರಿ."

ಕೇಳುವುದೇನೂ ಬೇಕಾಗಲಿಲ್ಲ. ತಿರುಮಲಮ್ಮ ತುಳಸಿಕಟ್ಟೆಯ ಹತ್ತಿರವೇ ಇದ್ದಳು. ಕೈಯಲ್ಲಿದ್ದ ಹೂಬತ್ತಿ ಹೊಸೆಯುವುದು ನಿಂತಿತು. ಅವಳು ಒಳಗೆ ಹೋದಳು. ಆ ಮಧ್ಯಾಹ್ನ ದೇವರ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತಳು. ಸಂಜೆ ಮಗ ಬಂದು ಕೈಕಾಲು ತೊಳೆದುಕೊಂಡ ಮೇಲೆ ಹಂಪಯ್ಯನನ್ನೂ ಹಂಪಕ್ಕನನ್ನೂ ಅಂಗಳಕ್ಕೆ ಕರೆಸಿದಳು.

"ನಾಳಿಂದ ನಿಮ್ಮ ನೀರು ತರ್ರಿ."

ಗೋಪಾಲಕೃಷ್ಣ ಗಾಬರಿಯಾದ. "ಅಮ್ಮಾ! ಓಣಿ ಜನ ಏನಂತಾರ? ಅವರ ಕೇರಿ ನೀರು ನಮ್ಮ ಮನಿ ಗೋಡಿಗೆ?"

"ಮಳಿ ಬಂದಾಗ ಮೋಡಕ್ಕ ಕೇಳೀಯೇನು, ಯಾವ ಕೇರಿ ನೀರು ಕುಡದು ಬಂದಿ ಅಂತ? ಹೊಸ್ತಿಲು ನಾ ತೊಳೀತೀನಿ. ಹೊಸ್ತಿಲ ಹೊರಗಿಂದು ಹೊರಗ. ಕಡೀಕ ಪಂಚಗವ್ಯ ಪ್ರೋಕ್ಷಣಿ ಮಾಡಿಸಿದ್ರಾತು."

"ಆದ್ರೂ…"

"ಆದ್ರೂ ಇಲ್ಲ ಗೀದ್ರೂ ಇಲ್ಲ. ಆ ಹುಡುಗಿ ಗಾಡಿ ಹತ್ತಬೇಕು. ನಾ ಮಾತು ಕೊಟ್ಟೀನಿ."

ಗೋಪಾಲಕೃಷ್ಣ ತನಗೆ ಗೊತ್ತಿದ್ದ ದಾರಿ ಹಿಡಿದ. "ನೀರಿಗೆ ಎಷ್ಟು ಕೊಡಬೇಕು ಹೇಳ್ರಿ."

ಹಂಪಯ್ಯ ತಲೆಯಾಡಿಸಿದ. ಉತ್ತರ ಕೊಟ್ಟವಳು ಹಂಪಕ್ಕ. "ನಮ್ಮ ಕೇರ್ಯಾಗ ನೀರು ಮಾರಂಗಿಲ್ಲ ಸ್ವಾಮಿ. ಮಾರಿದ್ರ ಬಾವಿ ಮಾರೆಮ್ಮ ಮುನೀತಾಳ. ಕೈಗಡ ಕೊಡ್ತೀವಿ, ಕೈಗಡ ಇಸ್ಕೋತೀವಿ. ಈಗ ನೀವು ಇಸ್ಕೋರ್ರಿ."

"ಕೈಗಡದ ನೀರು!" ಗೋಪಾಲಕೃಷ್ಣನಿಗೆ ನಗು ಬಂತು, ನಕ್ಕ. "ಆಗಲಿ, ಆಗಲಿ. ಅದೆಲ್ಲಾ ಆಗ್ತದ."

ಕೇರಿಯ ಹೆಂಗಸರು ಗಡಿಗೆ ಹೊತ್ತು ಸಾಲಾಗಿ ಬಂದರು. ಓಣಿ ನೋಡಿತು, ದೊಡ್ಡಬಸಮ್ಮ ಒಂದು ದಿನ ಮೂಗಿನ ಮೇಲೆ ಬೆರಳಿಟ್ಟಳು, ಮರುದಿನ ತೆಗೆದಳು. ಗೋಡೆ ಆ ನೀರು ಕುಡಿಯಿತು, ಯಾವ ವ್ಯತ್ಯಾಸವನ್ನೂ ಹೇಳಲಿಲ್ಲ. ರಾಮನವಮಿಯ ಹಿಂದಿನ ಸಂಜೆ ಹಂಪಯ್ಯ ಕೊನೆಯ ಮರಳನ್ನು ತೊಳೆದು ಹಿಂದೆ ಸರಿದಾಗ, ಇಳಿಬಿಸಿಲಿನಲ್ಲಿ ಕಲ್ಲು ತನ್ನ ಬಣ್ಣ ತೋರಿತು. ಬೂದಿ ಮೇಲೆ ತಿಳಿಗೆಂಪಿನ ಎಳೆ, ಎಳೆಯ ನಡುವೆ ಮಿಣಿಮಿಣಿ. ತಿರುಮಲಮ್ಮ ಬಾಗಿಲಿಗೆ ಬಂದು ನೋಡಿದಳು. "ಅವರು ಇದ್ದಾಗ ಹೀಂಗ ಇತ್ತು" ಎಂದಳು, ಹೋದ ಗಂಡನನ್ನು ನೆನೆದು. ಅಷ್ಟು ಹೇಳಿ ನೀರು ತಂದು, ಬಗ್ಗಿ, ಹೊಸ್ತಿಲನ್ನು ತಾನೇ ತಿಕ್ಕಿದಳು. ಮಾತಾಡಿದ ಕೂಲಿಯನ್ನು ಗೋಪಾಲಕೃಷ್ಣ ಎಣಿಸಿ ಕೊಟ್ಟ. ಹಂಪಯ್ಯ ಕೈಮುಗಿದು ಹೋದ.

ರಾಮನವಮಿಯ ದಿನ ಶಿರಸ್ತೇದಾರರು ಬಂದರು. ಪಾನಕ ಕುಡಿದರು, ಕೋಸಂಬರಿ ತಿಂದರು, ಮೆಣಸು ಸ್ವಲ್ಪ ಮುಂದಾಯಿತೆಂದರು. ಗೋಪಾಲಕೃಷ್ಣ ಬೀಸಣಿಗೆ ಹಿಡಿದು ಅವರನ್ನು ಗೋಡೆಯ ಕಡೆಗೇ ಮುಖ ಮಾಡಿ ಕೂಡಿಸಿದ್ದ. ಎದ್ದು ಹೊರಡುವಾಗ ಅವರು ಕಂಬ ನೋಡಿ, ಗೋಡೆ ನೋಡಿ, "ಯಾಕಯ್ಯಾ, ಹಬ್ಬಕ್ಕ ಸುಣ್ಣ ಹಚ್ಚಿಸಲಿಲ್ಲೇನು?" ಎಂದು ಜಟಕಾ ಹತ್ತಿದರು.

ಆ ರಾತ್ರಿ ಆ ಮನೆಯಲ್ಲಿ ರಾಘಣ್ಣ ಒಬ್ಬನೇ ನಗುತ್ತ ಉಂಡ. ಅಂಬುಜಮ್ಮ ಬಡಿಸುತ್ತ ತುಟಿ ಕಚ್ಚಿಕೊಂಡಿದ್ದಳು. ಕೊನೆಗೆ ಗೋಪಾಲಕೃಷ್ಣನೂ ಮಜ್ಜಿಗೆಯನ್ನದ ತುತ್ತು ಕೈಯಲ್ಲಿ ಹಿಡಿದು ನಕ್ಕುಬಿಟ್ಟ.

ಮರುದಿನ ವಿಠ್ಠಲನ ಗಾಡಿ ಬಂತು. ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಅಂಬುಜಮ್ಮ ಹತ್ತಿದಳು. ಕುರುಗೋಡಿನ ಹೊರಗೆ ಹುಣಸೆಮರದ ಕೆಳಗೆ ಎತ್ತು ಬಿಚ್ಚಿ ರಾತ್ರಿ ಕಳೆದರು. ಎದುರಿಗೆ ಕಲ್ಲಿನ ಗುಡ್ಡಗಳು ಬೆಳ್ದಿಂಗಳಲ್ಲಿ ಬೋಸಿ ಮಗುಚಿಟ್ಟ ಹಾಗೆ ಬಿದ್ದಿದ್ದವು. ‘ನಮ್ಮ ಮನೆಯ ಗೋಡೆ ಇಲ್ಲಿಂದ ಎದ್ದು ಬಂದದ್ದು’ ಎಂದು ಅವಳು ನೋಡಿದಳು. ಸಿರುಗುಪ್ಪ ಹತ್ತಿರವಾದಂತೆ ಗಾಳಿಗೆ ತಂಪು ಬಂತು. ಕಾಲುವೆಯಲ್ಲಿ ಹೊಳೆಯ ನೀರು ಯಾರೂ ಸೇದದೆ, ಯಾರೂ ಹೊರದೆ, ತಾನೇ ನಡೆದು ಗದ್ದೆಗೆ ಹೋಗುತ್ತಿತ್ತು. ಅಂಬುಜಮ್ಮ ಗಾಡಿ ನಿಲ್ಲಿಸಲು ಹೇಳಿ ಇಳಿದು, ಗಾಯದ ಅಂಗೈಗಳನ್ನು ಆ ನೀರಿನಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು.

ತಾಯಿ ಗಂಗಾಬಾಯಿ ಪಡಸಾಲೆಯಲ್ಲಿ ಗಾಡಿಯ ಸದ್ದಿಗೇ ಎದ್ದು ನಿಂತಿದ್ದಳು. "ಒಳಗ ಬ್ಯಾಡ, ಬಿಸಿಲಿಗೆ ತಾ" ಎಂದಳು ಮೊದಲ ಮಾತಿಗೆ. ಅಂಗಳದ ಬಿಸಿಲಿನಲ್ಲಿ ಕೂತು, ಮೊಮ್ಮಗಳ ಗದ್ದ ಹಿಡಿದು, ಮುಖವನ್ನು ಹಾಗೆ ತಿರುಗಿಸಿ, ಹೀಗೆ ತಿರುಗಿಸಿ, ಎಡಗಣ್ಣಿನ ಹತ್ತಿರ ಹತ್ತಿರ ತಂದಳು. ತುಂಗಿ ಅಜ್ಜಿಯ ಮೂಗುಬಟ್ಟು ಹಿಡಿದು ಎಳೆಯಿತು.

"ಮೂಗು ನಿಮ್ಮಪ್ಪಂದು" ಎಂದಳು ಗಂಗಾಬಾಯಿ ಕೂಸಿಗೆ. "ಹಠಾನೂ ಅವರದ. ಕಂಡಿತವ್ವಾ, ಕಂಡಿತು." ಆಮೇಲೆ ಕಣ್ಣು ಒರೆಸಿಕೊಳ್ಳದೆ, ಮುಚ್ಚಿಕೊಂಡೇ ಕೂತಳು, ಕಂಡದ್ದು ಚೆಲ್ಲೀತು ಅನ್ನುವ ಹಾಗೆ.

ಅಂಬುಜಮ್ಮ ಅಲ್ಲಿದ್ದಷ್ಟು ದಿನ ತಾಯಿ ದಿನವೂ ಕೂಸನ್ನು ಬಿಸಿಲಿಗೆ ತರಿಸಿದಳು. ಒಂದು ಮಧ್ಯಾಹ್ನ ಮಗಳ ತಲೆ ಬಾಚುತ್ತ ಕೈ ಹಿಡಿದಾಗ ಅಂಗೈಯ ಜಡ್ಡು ಸಿಕ್ಕಿತು.

"ಇದೇನಿದು?"

ಅಂಬುಜಮ್ಮ ಎಲ್ಲವನ್ನೂ ಹೇಳಿದಳು. ಗೋಡೆ, ಬಾವಿ, ಅರ್ಧ ಕ್ಷೌರ, ಅತ್ತೆಯ ಮಾತು, ಹಂಪಕ್ಕನ ಗಡಿಗೆಗಳು. ತಾಯಿ ನಕ್ಕಳು, ಲೊಚಗುಟ್ಟಿದಳು, ಕೊನೆಗೆ ಕೇಳಿದಳು: "ಆ ಕೈಗಡ ಹೊಳ್ಳಿ ಕೊಟ್ಟಿರೇನು?"

"ಯಾವುದು?"

"ನೀರವ್ವ."

ಅಂಬುಜಮ್ಮ ತನ್ನ ಅಂಗೈ ನೋಡಿಕೊಂಡಳು. ಆ ಮಾತು ಆಡಿದ ಸಂಜೆ ಅಂಗಳದಲ್ಲಿ ಅಷ್ಟು ಜನ ಇದ್ದರು. ಯಾರೊಬ್ಬರೂ ಅದನ್ನು ಒಳಗೆ ತಂದಿರಲಿಲ್ಲ.

"ಕೊಡ್ರವ್ವ. ನೀ ಬಂದದ್ದು ಗಾಡಿ ಮ್ಯಾಲಲ್ಲ, ಆ ನೀರಿನ ಮ್ಯಾಲೆ. ನನ್ನ ಕಣ್ಣಿಗೂ ಅದರ ಋಣ ಅದ."

ವೈಶಾಖದಲ್ಲಿ ಬಳ್ಳಾರಿಗೆ ಮದುವೆಗೆ ಹೊರಟವರ ಗಾಡಿಯೊಂದು ಸಿಕ್ಕಿತು. ಊರು ಸಮೀಪಿಸುವಾಗ ಸಂಜೆ. ಗುಡ್ಡ ಈಗ ಚೆನ್ನಾಗಿ ಕಾಣುತ್ತಿತ್ತು, ಕಾದ ಹಂಚಿನ ಹಾಗೆ. ದಾರಿಯಲ್ಲಿ ಕೇರಿಯ ಹೆಂಗಸರು ಬರಿಗಡಿಗೆ ಹೊತ್ತು ಊರ ಹೊರಕ್ಕೆ ನಡೆಯುತ್ತಿದ್ದರು. ಮುಂದೆ ಹಂಪಕ್ಕ.

"ಹಂಪಕ್ಕಾ, ಈ ಹೊತ್ತಿನ್ಯಾಗ ಎಲ್ಲಿಗೆ?"

"ಹಳ್ಳಕ್ಕ್ರಿ ಅಮ್ಮಾರ. ಮರಳಾಗ ವರ್ತಿ ತೋಡಿ ನೀರು ತರಬೇಕು. ನಮ್ಮ ಬಾವಿ ಬತ್ತೈತಿ." ಅವಳು ಗಾಡಿಯೊಳಗೆ ಇಣುಕಿದಳು. "ನಿಮ್ಮ ಅವ್ವಾರು ಕೂಸಿನ್ನ ನೋಡಿದ್ರೇನ್ರಿ?"

"ನೋಡಿದ್ಲು."

"ಹಾಂ! ಹಂಗಿರಬೇಕು" ಎಂದು ಹಂಪಕ್ಕ ನಕ್ಕು ನಡೆದಳು. ಕೈಗಡದ ಸುದ್ದಿ ಎತ್ತಲಿಲ್ಲ.

ಮನೆಯಲ್ಲಿ ಗೋಡೆಯ ಕೆಲಸ ಮುಗಿದ ಮೇಲೆ ಬಾವಿಯ ನೀರು ಮತ್ತೆ ಮೇಲೆ ಬಂದಿತ್ತು. ರಾತ್ರಿ ಬಡಿಸುವಾಗ ಅತ್ತೆ ತಾಯಿಯ ಕಣ್ಣಿನ ವಿಷಯ ಕೇಳಿದಳು, ಗಂಡ ಸಿರುಗುಪ್ಪದ ಭತ್ತದ ಬೆಲೆ ಕೇಳಿದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಅಂಬುಜಮ್ಮ ಇನ್ನೂ ಬಿಚ್ಚಿರಲಿಲ್ಲ. ಹುಳಿಯ ಪಾತ್ರೆ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಹೇಳಿದಳು.

"ನಮ್ಮಮ್ಮ ಒಂದು ಮಾತು ಕೇಳಿದ್ಲು. ಕೇರಿಯವರ ನೀರು ಹೊಳ್ಳಿ ಕೊಟ್ಟಿರೇನು ಅಂತ. ನಾವು ಕೊಟ್ಟಿಲ್ಲ. ಅವರ ಬಾವಿ ಬತ್ತ್ಯದ. ಸಂಜಿಗೆ ಹಳ್ಳಕ್ಕ ಹೊಂಟಿದ್ರು."

ಗೋಪಾಲಕೃಷ್ಣ ಅನ್ನ ಕಲಸುತ್ತ, "ಅದು ಮಾತಿಗೆ ಅಂದದ್ದು. ನೀರು ಯಾರರ ಲೆಕ್ಕ ಇಟ್ಟು ಹೊಳ್ಳಿ ಕೊಡ್ತಾರೇನು?" ಎಂದ.

ತಿರುಮಲಮ್ಮ ಅವಲಕ್ಕಿಯ ಬಟ್ಟಲು ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದುಕೊಂಡಳು. ಮುಗಿಯಿತು, ಇನ್ನು ಈ ಮಾತು ಈ ಮನೆಯಲ್ಲಿ ಏಳುವುದಿಲ್ಲ ಎಂದುಕೊಂಡು ಅಂಬುಜಮ್ಮ ಕೂಸಿನ ಪಕ್ಕ ಮಲಗಿದಳು.

ರಾಟೆಯ ಸದ್ದಿಗೆ ಅವಳಿಗೆ ಎಚ್ಚರವಾಯಿತು. ನಸುಕು. ತಾನು ಇಲ್ಲಿ ಮಲಗಿದ್ದರೆ ಸೇದುತ್ತಿರುವವರು ಯಾರು? ಪಕ್ಕದ ಹಾಸಿಗೆ ಬರಿದಾಗಿತ್ತು. ಹಿತ್ತಲ ಬಾಗಿಲಿಗೆ ಹೋಗಿ ನಿಂತಳು.

ಬಾವಿಯ ಕಟ್ಟೆಯ ಮೇಲೆ ಗೋಪಾಲಕೃಷ್ಣ, ಧೋತರ ಕಚ್ಚೆ ಬಿಗಿದು, ಅಂಗೈಗಳಿಗೆ ಹಳೇ ಅರಿವೆ ಸುತ್ತಿಕೊಂಡು ಹಗ್ಗ ಎಳೆಯುತ್ತಿದ್ದ. ಕೊಡ ಮೇಲೆ ಬರುವುದರೊಳಗೆ ಅರ್ಧ ನೀರು ಗೋಡೆಗೆ ಬಡಿದು ಚೆಲ್ಲುತ್ತಿತ್ತು. ತಿರುಮಲಮ್ಮ ಮಿಂದು ಒದ್ದೆ ಸೀರೆಯಲ್ಲಿಯೇ ಕೊಡ ಇಸಿದುಕೊಂಡು ಮೋಟುಗೋಡೆಗೆ ಒಯ್ಯುತ್ತಿದ್ದಳು. ಆಚೆ ಹಂಪಕ್ಕನ ತಲೆ. ಅವಳ ಹಿಂದೆ ಗಡಿಗೆ ಹಿಡಿದು ಕೇರಿಯ ಹೆಂಗಸರು. ನಸುಕಿನ ಗೂಡ್ಸ್ ಗಾಡಿಗೆ ಹೋಗುವಾಗ ರಾಘಣ್ಣ ತಾಯಿ ಹೇಳಿದ ಮೇರೆಗೆ ಕೇರಿಗೆ ಸುದ್ದಿ ಮುಟ್ಟಿಸಿ ಹೋಗಿದ್ದ.

ಅಂಬುಜಮ್ಮ ಹಗ್ಗಕ್ಕೆ ಕೈ ಹಾಕಲು ಮುಂದೆ ಬಂದಳು. "ಬಿಡ್ರಿ, ನಾ ಸೇದ್ತೀನಿ."

"ನೀ ಹೋಗು, ಕೂಸು ಎದ್ದೀತು" ಎಂದಳು ತಿರುಮಲಮ್ಮ ತಿರುಗದೆ. "ಅವನ ಸೇದಲಿ. ನೀರು ನಮ್ಮದು ಅಂದಾಂವ ಅವನ ಅಲ್ಲೇನು?"

ಗೋಪಾಲಕೃಷ್ಣ ಉಸಿರು ಬಿಟ್ಟು ಮತ್ತೆ ಕೊಡ ಇಳಿಬಿಟ್ಟ.

ತಿರುಮಲಮ್ಮ ತುಂಬಿದ ಕೊಡ ಎತ್ತಿ ಗೋಡೆಯ ಮೇಲೆ ಇಟ್ಟು, ಮೇಲಿಂದ ಸುರಿದಳು. ನೀರು ಗಡಿಗೆಯ ಆಚೆ ಈಚೆ ಬಿತ್ತು. ಹಂಪಕ್ಕ ಗಡಿಗೆಯನ್ನು ಆದಷ್ಟು ಮೇಲೆ ಎತ್ತಿ ಹಿಡಿದಳು, ಆದರೂ ಬಿತ್ತು. ಕಡ ತೀರಿಸುವ ನೀರು ಮಣ್ಣುಪಾಲಾಗುವುದನ್ನು ತಿರುಮಲಮ್ಮ ಒಂದು ಗಳಿಗೆ ನೋಡಿದಳು. ಆಮೇಲೆ ಗೋಡೆಯ ಮೇಲೆ ಇನ್ನಷ್ಟು ಬಗ್ಗಿದಳು. ಹಿತ್ತಾಳೆಯ ಬಾಯಿ ಮಣ್ಣಿನ ಬಾಯಿಗೆ ತಾಗಿ ಟಣ್ ಅಂತು.

ಹಂಪಕ್ಕ ತಲೆಯೆತ್ತಿ ಅವಳ ಮುಖ ನೋಡಿದಳು. ತಿರುಮಲಮ್ಮ ಕೊಡ ಎತ್ತಲಿಲ್ಲ. ಅಲ್ಲೇ ಊರಿ ಹಿಡಿದು, ಒಂದು ಹನಿಯೂ ಚೆಲ್ಲದ ಹಾಗೆ, ಗಡಿಗೆ ತುಂಬುವ ತನಕ ಬಗ್ಗಿಸಿಯೇ ನಿಂತಳು.